ಬೋಲ್ಕೆಯ ಬೇಟೆದಳ: ಒಂದು ಗಗನ ಗುರುಕುಲದ ವೃತ್ತಾಂತ

ಮಹಾಯುದ್ಧಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅರಸರ ಸಂಧಿವಿಗ್ರಹಗಳನ್ನೂ ಸೇನಾಪತಿಗಳ ಜಯಾಪಜಯಗಳನ್ನೂ ಮಡಿದವರ ಲೆಕ್ಕವನ್ನೂ ಹೇಳಿ ಮುಗಿಸುತ್ತಾರೆ. ಆ ಯುದ್ಧಗಳ ಒಡಲಲ್ಲಿ ವಿದ್ಯೆಯೊಂದು ಹೇಗೆ ಹುಟ್ಟಿತು, ಹುಟ್ಟಿದ್ದನ್ನು ಯಾರು ಯಾರಿಗೆ ಹೇಳಿಕೊಟ್ಟರು, ಹೇಳಿಕೊಟ್ಟವನು ಹೋದಮೇಲೆ ಅದು ಹೇಗೆ ಉಳಿಯಿತು ಎಂಬುದನ್ನು ವಿಚಾರಿಸುವವರು ವಿರಳ. ಪಾಠ ಹೇಳುವುದರಲ್ಲಿಯೇ ಆಯುಷ್ಯದ ಬಹುಭಾಗವನ್ನು ಕಳೆದ ನನ್ನಂಥವನಿಗೆ ಈ ಎರಡನೆಯ ಬಗೆಯ ವಿಚಾರದಲ್ಲಿಯೇ ಅಭಿರುಚಿ ಹೆಚ್ಚು. ಆದಕಾರಣ ೧೯೧೪ರಿಂದ ೧೯೧೮ರವರೆಗೆ ನಡೆದ ಮೊದಲನೆಯ ಮಹಾಯುದ್ಧದಲ್ಲಿ ಜರ್ಮನರು ಕಟ್ಟಿದ ಒಂದು ವಿಮಾನದಳದ ವೃತ್ತಾಂತವನ್ನು ವಾಚಕರ ಮುಂದಿಡುತ್ತೇನೆ. ಅದರ ಸೈನಿಕ ನಾಮವು ‘ಯಾಗ್ಡ್‌ಷ್ಟಾಫೆಲ್ ೨’ ಎಂದು. ಕನ್ನಡದಲ್ಲಿ ಹೇಳುವುದಾದರೆ ಎರಡನೆಯ ಬೇಟೆದಳ. ಲೋಕವು ಅದನ್ನು ಅದರ ಮೊದಲ ನಾಯಕನ ಹೆಸರಿನಿಂದ ಬೋಲ್ಕೆಯ ದಳವೆಂದು ಕರೆಯಿತು.

ಯುದ್ಧವು ಆರಂಭವಾದಾಗ ವಿಮಾನವೆಂಬುದು ಹುಟ್ಟಿ ಹನ್ನೊಂದು ವರ್ಷವೂ ತುಂಬಿರಲಿಲ್ಲ. ಅಮೆರಿಕದ ರೈಟ್ ಸಹೋದರರು ಮೊದಲ ಬಾರಿಗೆ ಯಂತ್ರದ ಬಲದಿಂದ ಗಾಳಿಯಲ್ಲಿ ಹಾರಿದ್ದು ೧೯೦೩ನೆಯ ಇಸವಿ ಡಿಸೆಂಬರಿನಲ್ಲಿ. ಯುದ್ಧದ ಪ್ರಾರಂಭಕಾಲದಲ್ಲಿ ವಿಮಾನಕ್ಕೆ ಗೂಢಚಾರನ ಕೆಲಸವೊಂದೇ ಇತ್ತು. ಮೇಲೇರಿ ಶತ್ರುಸೈನ್ಯದ ನೆಲೆಯನ್ನು ನೋಡಿಕೊಂಡು ಬರುವುದು, ಫಿರಂಗಿಯ ಗುಂಡು ಎಲ್ಲಿ ಬಿದ್ದಿತೆಂದು ತಿಳಿಸುವುದು, ಇಷ್ಟೇ. ಆದರೆ ಕಣ್ಣು ಮುಖ್ಯವಾದ ಮೇಲೆ ಎದುರಾಳಿಯ ಕಣ್ಣನ್ನು ಕೀಳುವುದೂ ಮುಖ್ಯವಾಗುತ್ತದೆ. ಅದಕ್ಕೆ ಅಡ್ಡಿಯಾಗಿದ್ದುದು ವಿಮಾನದ ಮೂತಿಯಲ್ಲಿ ತಿರುಗುವ ರೆಕ್ಕೆಚಕ್ರವಾದ ಪ್ರೊಪೆಲರು. ಚಾಲಕನು ನೇರವಾಗಿ ಮುಂದಕ್ಕೆ ಗುಂಡು ಹಾರಿಸಿದರೆ ತನ್ನ ಪ್ರೊಪೆಲರನ್ನೇ ತುಂಡರಿಸಿಕೊಳ್ಳಬೇಕಾಗಿತ್ತು. ೧೯೧೫ರಲ್ಲಿ ಫೋಕ್ಕರನ ಕಾರ್ಖಾನೆಯವರು ಪ್ರೊಪೆಲರಿನ ಅಲಗು ಬಂದೂಕಿನ ಮುಂದೆ ಅಡ್ಡ ಬರುವ ಕ್ಷಣದಲ್ಲಿ ಗುಂಡನ್ನು ತಡೆಯುವ ಯುಕ್ತಿಯೊಂದನ್ನು ಜರ್ಮನ್ ವಿಮಾನಗಳಿಗೆ ಅಳವಡಿಸಿದರು. ಅಂದಿನಿಂದ ವಿಮಾನವೇ ಒಂದು ಆಯುಧವಾಯಿತು. ಮೂತಿಯನ್ನು ಎತ್ತ ತಿರುಗಿಸಿದರೆ ಅತ್ತ ಗುರಿ.

ಈ ಹೊಸ ಆಯುಧವನ್ನು ಮೊದಲಿಗೆ ಕೈಗೆ ತೆಗೆದುಕೊಂಡವರಲ್ಲಿ ಇಬ್ಬರು ಪ್ರಸಿದ್ಧರಾದರು. ಒಬ್ಬನು ಮಾಕ್ಸ್ ಇಮ್ಮೆಲ್‌ಮಾನ್, ಇನ್ನೊಬ್ಬನು ಓಸ್ವಾಲ್ಡ್ ಬೋಲ್ಕೆ. ಬೋಲ್ಕೆಯು ೧೮೯೧ನೆಯ ಮೇ ೧೯ರಂದು ಹಾಲೆ ಪಟ್ಟಣದ ಸಮೀಪದಲ್ಲಿ ಜನಿಸಿದನು. ಆತನ ತಂದೆ ಉಪಾಧ್ಯಾಯ. ಹಿಂದೆ ದಕ್ಷಿಣ ಅಮೆರಿಕದ ಅರ್ಜೆಂಟೀನಾ ದೇಶದಲ್ಲಿ ಜರ್ಮನರ ಶಾಲೆಯೊಂದರಲ್ಲಿ ಪಾಠ ಹೇಳಿ ಸ್ವದೇಶಕ್ಕೆ ಮರಳಿದ್ದವನು. ತರುವಾಯ ಸಂಸಾರ ಸಮೇತನಾಗಿ ದೆಸ್ಸೌ ಪಟ್ಟಣದಲ್ಲಿ ನೆಲಸಿದನು. ಮಗನಿಗೆ ಬಾಲ್ಯದಿಂದಲೂ ಉಬ್ಬಸದ ಬಾಧೆಯಿತ್ತು. ಆದರೂ ಹುಡುಗನಾಗಿದ್ದಾಗಲೇ ಸೈನಿಕ ಶಾಲೆಗೆ ತನ್ನನ್ನು ಸೇರಿಸಿಕೊಳ್ಳಬೇಕೆಂದು ಚಕ್ರವರ್ತಿಗೆ ತಾನೇ ಕಾಗದ ಬರೆದ ಛಲಗಾರ. ಕಡೆಗೆ ತಂತಿಯ ದಳದಲ್ಲಿ ಅಧಿಕಾರಿಯಾಗಿ, ಅಲ್ಲಿಂದ ವಿಮಾನಶಾಖೆಗೆ ಬಂದನು. ೧೯೧೫ನೆಯ ಬೇಸಗೆಯಲ್ಲಿ ಆತನು ಫ್ರಾನ್ಸಿನಲ್ಲಿದ್ದಾಗ ಹದಿನಾಲ್ಕು ವರ್ಷದ ಒಬ್ಬ ಫ್ರೆಂಚ್ ಹುಡುಗನು ಕಾಲುವೆಗೆ ಬಿದ್ದು ಮುಳುಗುತ್ತಿರಲು, ಉಟ್ಟ ಬಟ್ಟೆಯಲ್ಲಿಯೇ ನೀರಿಗೆ ಹಾರಿ ಅವನನ್ನು ಬದುಕಿಸಿದನು. ಅದಕ್ಕಾಗಿ ಪ್ರಾಣರಕ್ಷಣೆಯ ಪದಕವೂ ಆತನಿಗೆ ದೊರೆಯಿತು. ಮರುವರ್ಷ ಜನವರಿ ೧೨ರಂದು ಪ್ರಷ್ಯದ ಅತ್ಯುಚ್ಚ ಶೌರ್ಯಪದಕವಾದ ‘ಪೂರ್ ಲ ಮೆರಿತ್’ ಇಮ್ಮೆಲ್‌ಮಾನನಿಗೂ ಇವನಿಗೂ ಒಂದೇ ದಿವಸ ದೊರಕಿತು. ಪ್ರಾಣವುಳಿಸಿದ್ದಕ್ಕೆ ಒಂದು, ಪ್ರಾಣ ತೆಗೆದದ್ದಕ್ಕೆ ಒಂದು, ಎರಡು ಪದಕಗಳೂ ಒಂದೇ ಎದೆಯ ಮೇಲೆ! ಯುದ್ಧಕಾಲದ ವೈಚಿತ್ರ್ಯವೇ ಹೀಗೆ.

೧೯೧೬ನೆಯ ಜೂನ್ ೧೮ರಂದು ಇಮ್ಮೆಲ್‌ಮಾನನು ಮಡಿದನು. ಇಬ್ಬರಲ್ಲಿ ಒಬ್ಬನನ್ನು ಕಳೆದುಕೊಂಡ ಸರ್ಕಾರವು ಇನ್ನೊಬ್ಬನನ್ನಾದರೂ ಉಳಿಸಿಕೊಳ್ಳಬೇಕೆಂದು ಬೋಲ್ಕೆಯನ್ನು ಯುದ್ಧರಂಗದಿಂದ ಹಿಂದಕ್ಕೆ ಕರೆಸಿ, ಬಾಲ್ಕನ್ ದೇಶಗಳಿಗೂ ತುರ್ಕಿಗೂ ಪ್ರವಾಸ ಕಳುಹಿಸಿತು. ಆ ವೇಳೆಗೆ ಆತನು ಹತ್ತೊಂಬತ್ತು ಶತ್ರುವಿಮಾನಗಳನ್ನು ಕೆಡವಿದ್ದನು. ಹೊರಡುವುದಕ್ಕೆ ಮುಂಚೆ ವಿಮಾನಶಾಖೆಯ ಮುಖ್ಯಾಧಿಕಾರಿಯಾದ ಥಾಮ್‌ಸೆನ್ ಎಂಬವನಿಗೆ, ಗಗನಯುದ್ಧದಲ್ಲಿ ತಾನು ಅನುಭವದಿಂದ ಕಂಡುಕೊಂಡ ನಿಯಮಗಳನ್ನು ಬರೆದು ಒಪ್ಪಿಸಿದನು. ಲೋಕಪ್ರಸಿದ್ಧವಾದ ಬೋಲ್ಕೆಯ ಎಂಟು ನಿಯಮಗಳು ಇವೇ.

ನಮ್ಮ ಶಾಸ್ತ್ರಗಳನ್ನು ಬಲ್ಲವರು ಇವನ್ನು ಸೂತ್ರಗಳೆಂದು ಕರೆಯಲು ಹಿಂಜರಿಯಲಾರರು. ಅಕ್ಷರವು ಕಡಮೆ, ಅರ್ಥದಲ್ಲಿ ಸಂದೇಹವಿಲ್ಲ, ಹೊತ್ತಿಗೆ ನೆನಪಿಗೆ ಬರುತ್ತವೆ. ಅವುಗಳ ತಾತ್ಪರ್ಯವನ್ನು ಸಂಗ್ರಹಿಸಿ ಹೇಳುತ್ತೇನೆ. ಮೇಲೆ ಬೀಳುವ ಮೊದಲೇ ಎತ್ತರ ಮುಂತಾದ ಅನುಕೂಲಗಳನ್ನು ಸಂಪಾದಿಸಿಕೊಂಡು ಸೂರ್ಯನನ್ನು ಬೆನ್ನಿಗಿಟ್ಟುಕೊಳ್ಳಬೇಕು. ತೊಡಗಿದ ಆಕ್ರಮಣವನ್ನು ನಡುವೆ ಬಿಡಬಾರದು. ತೀರ ಸಮೀಪಕ್ಕೆ ಹೋಗಿ ಗುರಿ ಸಿಕ್ಕಿದ ಮೇಲೆಯೇ ಗುಂಡು ಹಾರಿಸಬೇಕು. ಎದುರಾಳಿಯ ಮೇಲಿನ ಕಣ್ಣು ತೆಗೆಯಬಾರದು. ಅವನು ಸೋತಂತೆ ನಟಿಸಿದರೆ ಮೋಸಹೋಗಬಾರದು. ಹಿಂದಿನಿಂದಲೇ ಎರಗಬೇಕು. ಶತ್ರುವು ಮೇಲಿನಿಂದ ಬಂದು ಬಿದ್ದರೆ ತಪ್ಪಿಸಿಕೊಂಡು ಓಡದೆ ಅವನಿಗೆ ಮುಖಾಮುಖಿಯಾಗಬೇಕು. ಶತ್ರುವಿನ ನೆಲದ ಮೇಲಿರುವಾಗ ಹಿಂದಿರುಗುವ ದಾರಿಯನ್ನು ಮರೆಯಬಾರದು. ಎಂಟನೆಯದಾಗಿ, ನಾಲ್ವರೋ ಆರು ಮಂದಿಯೋ ಕೂಡಿ ಯುದ್ಧಮಾಡಬೇಕು. ಯುದ್ಧವು ಬಿಡಿಬಿಡಿಯಾಗಿ ಒಡೆದಾಗ ಒಬ್ಬ ಎದುರಾಳಿಯ ಮೇಲೆ ಇಬ್ಬರು ಬೀಳದಂತೆ ಎಚ್ಚರವಾಗಿರಬೇಕು.

ಏಳನೆಯದನ್ನು ಓದಿದಾಗ ಚಕ್ರವ್ಯೂಹವನ್ನು ಹೊಕ್ಕ ಅಭಿಮನ್ಯುವು ಯಾರಿಗೆ ತಾನೇ ನೆನಪಾಗುವುದಿಲ್ಲ? ಒಳಹೋಗುವ ಬಗೆಯನ್ನು ಕಲಿತು ಹೊರಬರುವುದನ್ನು ಕಲಿಯದ ಬಾಲವೀರನ ಕಥೆಯು ನಮ್ಮಲ್ಲಿ ಮನೆಮನೆಯ ಮಾತು. ಇನ್ನು ಎಂಟನೆಯ ಸೂತ್ರವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥನೆ. ಮುಂದೆ ಅದರಿಂದ ಕೆಲಸವಿದೆ.

ಬೋಲ್ಕೆಯು ಪ್ರವಾಸದಲ್ಲಿದ್ದಾಗ ಪಶ್ಚಿಮದ ರಣರಂಗದಲ್ಲಿ ಸ್ಥಿತಿಯು ಕೆಟ್ಟಿತು. ಜುಲೈ ೧ರಂದು ಸೋಮ್ ನದಿಯ ದಂಡೆಯಲ್ಲಿ ಆಂಗ್ಲರೂ ಫ್ರೆಂಚರೂ ಮಹಾಕ್ರಮಣವನ್ನು ಆರಂಭಿಸಿದರು. ಫೋಕ್ಕರನ ವಿಮಾನದ ದರ್ಪವನ್ನು ಅವರ ಹೊಸ ವಿಮಾನಗಳು ಅಡಗಿಸಿದ್ದವು. ಜರ್ಮನ್ ಪದಾತಿಯು ತಲೆಯೆತ್ತಿದರೆ ಕಾಣುತ್ತಿದ್ದುದು ಪರರ ವಿಮಾನಗಳೇ. ಆಗ ಜರ್ಮನರು ಅಲ್ಲೊಂದು ಇಲ್ಲೊಂದು ಚೆದರಿದ್ದ ಯುದ್ಧವಿಮಾನಗಳನ್ನು ಒಟ್ಟುಗೂಡಿಸಿ, ಯುದ್ಧಕ್ಕೆಂದೇ ಮೀಸಲಾದ ದಳಗಳನ್ನು ಕಟ್ಟಲು ನಿಶ್ಚಯಿಸಿದರು. ಎರಡನೆಯ ದಳವು ಆಗಸ್ಟ್ ೧೦ರಂದು ಕಾಗದದ ಮೇಲೆ ಹುಟ್ಟಿತು. ಅದರ ನಾಯಕತ್ವಕ್ಕೆ ಬೋಲ್ಕೆಯನ್ನು ಕರೆದು, ಬೇಕಾದವರನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನೂ ಕೊಟ್ಟರು.

ಆತನು ಹಿಂದಿರುಗುವ ಮಾರ್ಗದಲ್ಲಿ ಪೂರ್ವರಂಗದ ಕೋವೆಲ್ ಎಂಬಲ್ಲಿ ತನ್ನ ಅಣ್ಣನಾದ ವಿಲ್ಹೆಲ್ಮನನ್ನು ಕಾಣಲು ಇಳಿದನು. ಅಣ್ಣನೂ ವಿಮಾನಾಧಿಕಾರಿಯೇ. ಅಲ್ಲಿ ಇಬ್ಬರನ್ನು ಆರಿಸಿದನು. ಒಬ್ಬನು ಮಾನ್ಫ್ರೆಡ್ ಫಾನ್ ರಿಖ್ಟ್‌ಹೋಫೆನ್, ಇಪ್ಪತ್ತನಾಲ್ಕು ವರ್ಷದ ತರುಣ. ಇನ್ನೊಬ್ಬನು ಎರ್ವಿನ್ ಬೋಮೆ, ಮೂವತ್ತೇಳು ವರ್ಷದ ಇಂಜಿನಿಯರು, ಯುದ್ಧಕ್ಕೆ ಮುಂಚೆ ಪೂರ್ವ ಆಫ್ರಿಕದ ಬೆಟ್ಟಗಳಲ್ಲಿ ಮರ ಸಾಗಿಸುವ ತೂಗುದಾರಿಯನ್ನು ಕಟ್ಟಿಸುವ ಕೆಲಸದಲ್ಲಿದ್ದವನು. ಗುರುವಿಗೆ ಇಪ್ಪತ್ತೈದು, ಶಿಷ್ಯನಿಗೆ ಮೂವತ್ತೇಳು. ಆಲದ ಮರದ ಬುಡದಲ್ಲಿ ಕುಳಿತ ದಕ್ಷಿಣಾಮೂರ್ತಿಯ ಸುತ್ತಲೂ ವೃದ್ಧ ಶಿಷ್ಯರಿದ್ದರೆಂಬ ನಮ್ಮ ಪೂರ್ವಿಕರ ಕಲ್ಪನೆಯು ವಿದ್ಯೆಗೆ ವಯಸ್ಸಿನ ಹಂಗಿಲ್ಲವೆಂಬುದನ್ನೇ ಅಲ್ಲವೆ ಸಾರುವುದು?

ಫ್ರಾನ್ಸಿನ ಬೆರ್ತಾಂಕೂರ್ ಗ್ರಾಮದ ಬಯಲಿನಲ್ಲಿ ದಳವು ಕೂಡಿತು. ಶಿಷ್ಯರು ಬಂದರು, ವಿಮಾನಗಳು ಬರಲಿಲ್ಲ. ಬೋಲ್ಕೆಯು ಈ ಕೊರತೆಯನ್ನೇ ಪಾಠಕ್ಕೆ ಅನುಕೂಲ ಮಾಡಿಕೊಂಡನು. ಸೆರೆಸಿಕ್ಕ ಶತ್ರುವಿಮಾನಗಳನ್ನು ತೋರಿಸಿ, ಯಾವ ವಿಮಾನದವನಿಗೆ ಯಾವ ಕಡೆ ಕಣ್ಣು ಕಾಣದು, ಯಾವ ಮೂಲೆಗೆ ಅವನ ಬಂದೂಕು ತಿರುಗದು ಎಂಬುದನ್ನು ವಿವರಿಸಿದನು. ಗುಂಡು ಹಾರಿಸುವುದನ್ನೂ ಸಾಲು ಕೆಡದೆ ಹಾರುವುದನ್ನೂ ಅಭ್ಯಾಸ ಮಾಡಿಸಿದನು. ತಾನು ಮಾತ್ರ ಮುಂಜಾನೆ ಒಬ್ಬನೇ ಹಾರಿಹೋಗಿ ಬೆಳಗಿನ ಉಪಾಹಾರದ ಹೊತ್ತಿಗೆ ಹಿಂದಿರುಗುತ್ತಿದ್ದನು. ಬಂದೂಕಿನ ಹೊಗೆಯ ಮಸಿಯಿಂದ ಆತನ ಗಲ್ಲವು ಕಪ್ಪಾಗಿದ್ದರೆ ಶಿಷ್ಯರಿಗೆ ಬೇರೆ ವರ್ತಮಾನ ಬೇಕಾಗಿರಲಿಲ್ಲ; ಅಂದು ಒಂದು ವಿಮಾನ ಬಿದ್ದಿತೆಂದೇ ಅರ್ಥ.

ದಳದ ಮೊದಲ ಜಯವು ಸೆಪ್ಟೆಂಬರ್ ೨ರಂದು ಬೋಲ್ಕೆಯಿಂದಲೇ ಆಯಿತು. ಕೆಳಗೆ ಬಿದ್ದು ಸೆರೆಯಾದವನು ಆಂಗ್ಲರ ೩೨ನೆಯ ದಳದ ಕ್ಯಾಪ್ಟನ್ ವಿಲ್ಸನ್. ಬೋಲ್ಕೆಯು ಅವನನ್ನು ತನ್ನ ಬಿಡಾರಕ್ಕೆ ಕರೆದೊಯ್ದು, ಕಾಫಿ ಕೊಟ್ಟು, ವಿಮಾನಗಳನ್ನು ತೋರಿಸಿ, ಆದರದಿಂದ ಕಳುಹಿಸಿದನು. ಈ ಸಂಗತಿಯೂ ಪಾಠದ ಒಂದು ಭಾಗವೆಂದೇ ನನ್ನ ಭಾವನೆ. ಶಿಷ್ಯರು ಗುರುವಿನ ಮಾತಿಗಿಂತ ನಡತೆಯನ್ನು ಹೆಚ್ಚಾಗಿ ಗಮನಿಸುತ್ತಾರೆಂಬುದನ್ನು ಪಾಠ ಹೇಳಿದವರೆಲ್ಲರೂ ಬಲ್ಲರು.

ಸೆಪ್ಟೆಂಬರ್ ೧೬ರಂದು ಹೊಸ ಆಲ್ಬಟ್ರಾಸ್ ವಿಮಾನಗಳು ಬಂದವು. ತೆಳುಹಲಗೆಯ ಮೈ, ೧೬೦ ಅಶ್ವಶಕ್ತಿಯ ಇಂಜಿನ್, ಮುಂದಕ್ಕೆ ಗುಂಡು ಕಾರುವ ಎರಡು ಮೆಷೀನ್‌ಗನ್ನುಗಳು. ಮರುದಿನವೇ ಬೋಲ್ಕೆಯು ಶಿಷ್ಯರನ್ನು ಸಾಲುಗಟ್ಟಿಸಿಕೊಂಡು ಮೇಲೇರಿದನು. ಮಾರ್ಕ್ವಾಂ ಎಂಬ ರೈಲು ನಿಲ್ದಾಣದ ಮೇಲೆ ಬಾಂಬು ಹಾಕಲು ಆಂಗ್ಲರ ವಿಮಾನಗಳು ಬರುತ್ತಿದ್ದವು. ಬೋಲ್ಕೆಯು ಅವಸರಪಡಲಿಲ್ಲ. ಎತ್ತರವನ್ನೂ ಸೂರ್ಯನನ್ನೂ ತನ್ನ ಕಡೆಗೆ ಮಾಡಿಕೊಂಡು, ಸಮಯ ಬಂದಾಗ ಎರಗಿದನು. ಆಂಗ್ಲರಿಗೆ ಆ ದಿನ ಬಹಳ ನಷ್ಟವಾಯಿತು. ರಿಖ್ಟ್‌ಹೋಫೆನನ ಮೊದಲ ಜಯವು ಅಂದಿನದೇ. ಆತನ ಗುಂಡಿಗೆ ಸಿಕ್ಕಿದ ವಿಮಾನದಲ್ಲಿ ಇದ್ದವರು ಮಾರಿಸ್ ಮತ್ತು ರೀಸ್ ಎಂಬಿಬ್ಬರು. ಒಬ್ಬನಿಗೆ ಹತ್ತೊಂಬತ್ತು ವರ್ಷ, ಇನ್ನೊಬ್ಬನಿಗೆ ಇಪ್ಪತ್ತೊಂದು. ಇಬ್ಬರೂ ಉಳಿಯಲಿಲ್ಲ. ಗುರುವಿನ ಪಾಠವು ಸಫಲವಾದ ದಿನವು ಎರಡು ಮನೆಗಳಿಗೆ ಪುತ್ರಶೋಕದ ದಿನವಾಯಿತು. ಈ ವಿದ್ಯೆಯ ಸ್ವರೂಪವನ್ನು ಮರೆಮಾಚಿ ಬರೆಯುವುದು ಚರಿತ್ರಕಾರನ ಧರ್ಮವಲ್ಲ.

ಅನಂತರ ದಳವು ಲಾನ್ಯಿಕೂರ್ ಎಂಬಲ್ಲಿಗೆ ನೆಲೆ ಬದಲಾಯಿಸಿತು. ಎರಡು ತಿಂಗಳು ತುಂಬುವುದರೊಳಗಾಗಿ ಬೋಲ್ಕೆಯೊಬ್ಬನ ಲೆಕ್ಕವೇ ಹತ್ತೊಂಬತ್ತರಿಂದ ನಲವತ್ತಕ್ಕೆ ಏರಿತು. ಅದಕ್ಕಿಂತಲೂ ಗಮನಾರ್ಹವಾದುದು, ಆವರೆಗೆ ಗಗನದಲ್ಲಿ ಹೆಸರುಪಡೆದವರೆಲ್ಲರೂ ಒಂಟಿ ಬೇಟೆಗಾರರು. ಅವರ ಚಾತುರ್ಯವು ಅವರ ಜೊತೆಯಲ್ಲಿಯೇ ಮಣ್ಣಾಗುತ್ತಿತ್ತು. ಬೋಲ್ಕೆಯು ಕೈಚಳಕವನ್ನು ಶಾಸ್ತ್ರವನ್ನಾಗಿ ಮಾಡಿದನು. ಕೈಚಳಕವು ದೈವದತ್ತ, ಅದನ್ನು ಹಂಚಲಾಗದು. ಶಾಸ್ತ್ರವನ್ನು ಹಂಚಬಹುದು, ಹಂಚಿದಷ್ಟೂ ಬೆಳೆಯುತ್ತದೆ. ಈ ದಳದ ಮಹತ್ವವೆಲ್ಲವೂ ಇದೊಂದರಲ್ಲಿ ಅಡಗಿದೆ.

ಇನ್ನು ಅಕ್ಟೋಬರ್ ೨೮ನೆಯ ದಿವಸದ ವಿಷಯ. ಬೋಲ್ಕೆಯು ಅಂದು ಆಗಲೇ ಹಲವು ಸಲ ಹಾರಿ ಬಂದಿದ್ದನು. ಸಂಜೆಯ ಮುಂಚೆ ಮತ್ತೆ ಕರೆ ಬಂದಿತು. ಆರು ಮಂದಿ ಮೇಲೇರಿದರು. ಬಾಪೋಮ್ ಪಟ್ಟಣದ ಸಮೀಪ ಆಂಗ್ಲರ ೨೪ನೆಯ ದಳದ ಎರಡು ವಿಮಾನಗಳು ಎದುರಾದವು. ಅವುಗಳಲ್ಲೊಂದರ ಬೆನ್ನಿಗೆ ಬೋಲ್ಕೆಯೂ ಬೋಮೆಯೂ ಒಟ್ಟಿಗೆ ಬಿದ್ದರು. ಇನ್ನೊಂದನ್ನು ಬೆನ್ನಟ್ಟಿದ್ದ ರಿಖ್ಟ್‌ಹೋಫೆನನು ಅದೇ ಕ್ಷಣದಲ್ಲಿ ಅಡ್ಡ ಹಾದನು. ಅದನ್ನು ತಪ್ಪಿಸಲು ಇಬ್ಬರೂ ಹೊರಳಿದರು. ಒಬ್ಬನ ರೆಕ್ಕೆಯು ಇನ್ನೊಬ್ಬನಿಗೆ ಕಣ್ಮರೆಯಾಯಿತು. ಬೋಮೆಯ ವಿಮಾನದ ಗಾಲಿಯು ಬೋಲ್ಕೆಯ ವಿಮಾನದ ಮೇಲ್ರೆಕ್ಕೆಯನ್ನು ತಾಗಿತು. ತಾಗಿದ್ದು ಅಷ್ಟೇ. ಬೋಲ್ಕೆಯು ಸ್ವಲ್ಪ ದೂರ ತೇಲುತ್ತಲೇ ಇಳಿದನು. ತರುವಾಯ ಮೋಡದ ನಡುವೆ ರೆಕ್ಕೆಯು ಕಳಚಿತು. ಆತನು ಶಿರಸ್ತ್ರಾಣ ಧರಿಸಿರಲಿಲ್ಲ, ಸೊಂಟದ ಪಟ್ಟಿಯನ್ನೂ ಬಿಗಿದುಕೊಂಡಿರಲಿಲ್ಲ. ನೆಲವನ್ನು ಮುಟ್ಟಿದ ಆಘಾತವು ಅಷ್ಟೇನೂ ದೊಡ್ಡದಾಗಿರಲಿಲ್ಲವೆಂದೂ ಆ ಎಚ್ಚರಿಕೆಗಳಿದ್ದಿದ್ದರೆ ಬದುಕುತ್ತಿದ್ದನೋ ಏನೋ ಎಂದೂ ಬೋಮೆಯು ತರುವಾಯ ಬರೆದಿದ್ದಾನೆ. ಆಂಗ್ಲರ ಎರಡು ವಿಮಾನಗಳೂ ಕ್ಷೇಮವಾಗಿ ಹಿಂದಿರುಗಿದವು.

ವಾಚಕರಿಗೆ ಈಗ ಎಂಟನೆಯ ಸೂತ್ರವು ನೆನಪಾಗಿರಬೇಕು. ಒಬ್ಬ ಎದುರಾಳಿಯ ಮೇಲೆ ಇಬ್ಬರು ಬೀಳಬಾರದೆಂದು ಬರೆದವನೇ, ಇಬ್ಬರಲ್ಲೊಬ್ಬನಾಗಿ ಬಿದ್ದು, ಅದರಿಂದಲೇ ಅಳಿದನು. ಶಾಸ್ತ್ರವನ್ನು ರಚಿಸಿದ್ದರಿಂದ ಶಾಸ್ತ್ರಕಾರನಿಗೆ ವಿನಾಯಿತಿಯಿಲ್ಲ. ವ್ಯಾಕರಣವನ್ನು ಬರೆದವನಿಗೂ ಅಪಶಬ್ದವು ಅಪಶಬ್ದವೇ. ಆದರೆ ಇದನ್ನು ಬೋಲ್ಕೆಯ ದೋಷವೆಂದು ಎತ್ತಿ ಆಡುವುದು ನನ್ನ ಉದ್ದೇಶವಲ್ಲ. ಗಳಿಗೆಗೆ ಅನೇಕ ಮೈಲಿ ಓಡುವ ಯಂತ್ರಗಳ ಮಧ್ಯೆ, ರೆಪ್ಪೆ ಬಡಿಯುವಷ್ಟು ಹೊತ್ತಿನಲ್ಲಿ, ಆಯಾಸಗೊಂಡ ದೇಹದಿಂದ ನಡೆದ ಕೃತ್ಯವದು. ಸೂತ್ರವು ಸತ್ಯವೆಂಬುದಕ್ಕೆ ಸೂತ್ರಕಾರನ ಮರಣವೇ ಸಾಕ್ಷಿಯಾಯಿತೆಂಬುದಷ್ಟೇ ಇಲ್ಲಿಯ ಮಾತು.

ನಮ್ಮ ಭಾರತದ ಕಥೆಯಲ್ಲಿ ದ್ರೋಣನೂ ತಾನೇ ಅಸ್ತ್ರವಿದ್ಯೆ ಹೇಳಿಕೊಟ್ಟ ಧೃಷ್ಟದ್ಯುಮ್ನನಿಂದ ಹತನಾದನು. ಅಲ್ಲಿ ಹಗೆಯಿತ್ತು, ಸಂಕಲ್ಪವಿತ್ತು. ಇಲ್ಲಿ ಹಗೆಯೂ ಇಲ್ಲ, ಸಂಕಲ್ಪವೂ ಇಲ್ಲ. ಕೊಂದವನೇ ಎಲ್ಲರಿಗಿಂತಲೂ ಹೆಚ್ಚಾಗಿ ಪ್ರೀತಿಸಿದ್ದವನು. ಅದರಿಂದ ಬೋಮೆಯ ಪಾಡು ಧೃಷ್ಟದ್ಯುಮ್ನನ ಪಾಡಿಗಿಂತ ಕಠಿನವಾದುದು. ಆತನು ಗುರುವಿನ ಶವದ ಜೊತೆಯಲ್ಲಿ ದೆಸ್ಸೌ ಪಟ್ಟಣಕ್ಕೆ ಹೋಗಬೇಕಾಯಿತು. ಮಗನನ್ನು ಕಳೆದುಕೊಂಡ ಆ ವೃದ್ಧ ಉಪಾಧ್ಯಾಯನ ಮುಖವನ್ನೂ ತಾಯಿಯ ಮುಖವನ್ನೂ ನೋಡಬೇಕಾಯಿತು.

ಅಂತ್ಯಕ್ರಿಯೆಯ ಪ್ರಾರ್ಥನೆಯು ಅಕ್ಟೋಬರ್ ೩೧ರಂದು ಕಾಂಬ್ರೇ ಪಟ್ಟಣದ ಮಹಾದೇವಾಲಯದಲ್ಲಿ ನಡೆಯಿತು. ಗುರುವಿನ ಪದಕಗಳನ್ನಿಟ್ಟ ದಿಂಬನ್ನು ಹೊತ್ತು ನಡೆದವನು ರಿಖ್ಟ್‌ಹೋಫೆನ್. ಆಂಗ್ಲ ವಿಮಾನಶಾಖೆಯವರು ಸಾಲನ್ನು ದಾಟಿ ಬಂದು, ಧೀರನೂ ಉದಾರನೂ ಆದ ಎದುರಾಳಿಯ ಸ್ಮರಣೆಗೆಂದು ಬರೆದ ಪುಷ್ಪಚಕ್ರವನ್ನು ಆಕಾಶದಿಂದ ಇಳಿಸಿದರು. ಸೆರೆಯಲ್ಲಿದ್ದ ಕ್ಯಾಪ್ಟನ್ ವಿಲ್ಸನನೂ ಅವನ ಸಂಗಡಿಗರೂ ತಾವೊಂದು ಪುಷ್ಪಚಕ್ರವನ್ನು ಕಳುಹಿಸಿದರು. ಎರಡು ತಿಂಗಳ ಹಿಂದೆ ಕೊಟ್ಟ ಒಂದು ಬಟ್ಟಲು ಕಾಫಿಯ ಋಣವು ಹೀಗೆ ತೀರಿತು. ಡಿಸೆಂಬರ್ ೧೭ರಂದು ಚಕ್ರವರ್ತಿಯ ಆಜ್ಞೆಯಿಂದ ಎರಡನೆಯ ಬೇಟೆದಳಕ್ಕೆ ಬೋಲ್ಕೆಯ ದಳವೆಂದೇ ನಾಮಕರಣವಾಯಿತು.

ಗುರುವಿಲ್ಲದ ಗುರುಕುಲದ ಮುಂದಿನ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಬೋಲ್ಕೆಯ ಸ್ಥಾನಕ್ಕೆ ಬಂದ ಕಿರ್ಮಾಯರನು ನವೆಂಬರ್ ೨೨ರಂದು ಮಡಿದನು. ಮರುದಿನ ರಿಖ್ಟ್‌ಹೋಫೆನನು ಆಂಗ್ಲರ ೨೪ನೆಯ ದಳದ ನಾಯಕನೂ ಪ್ರಖ್ಯಾತ ವೀರನೂ ಆದ ಹಾಕರನನ್ನು ದೀರ್ಘವಾದ ದ್ವಂದ್ವದಲ್ಲಿ ಕೆಡವಿದನು. ೧೯೧೭ನೆಯ ಜನವರಿಯಲ್ಲಿ ಆತನು ಹನ್ನೊಂದನೆಯ ದಳದ ನಾಯಕನಾಗಿ ಹೋಗಿ, ತಾನು ಕಲಿತುದನ್ನು ಅಲ್ಲಿಯ ತರುಣರಿಗೆ ಕಲಿಸಿದನು. ಎಂಬತ್ತು ಜಯಗಳನ್ನು ಗಳಿಸಿ ೧೯೧೮ನೆಯ ಏಪ್ರಿಲ್ ೨೧ರಂದು ಆತನೂ ಹೋದನು. ಇದೇ ದಳದಲ್ಲಿ ಪಳಗಿದ ವೆರ್ನರ್ ಫೋಸ್ ಎಂಬ ತರುಣನು ೧೯೧೭ನೆಯ ಸೆಪ್ಟೆಂಬರ್ ೨೩ರಂದು ಒಬ್ಬನೇ ಹಲವರೊಡನೆ ಹೋರಾಡಿ ಸತ್ತನು. ಕಿರ್ಮಾಯರನ ತರುವಾಯ ವಾಲ್ಟ್ಸ್, ಬೆರ್ನೆರ್ಟ್ ಎಂಬವರು ದಳವನ್ನು ನಡೆಸಿದರು. ೧೯೧೭ನೆಯ ಆಗಸ್ಟಿನಲ್ಲಿ ನಾಯಕತ್ವವು ಮತ್ತಾರಿಗೂ ಅಲ್ಲ, ಎರ್ವಿನ್ ಬೋಮೆಗೇ ಬಂದಿತು. ಯಾವ ಪೀಠದಿಂದ ಗುರುವು ತನ್ನ ಗಾಲಿಯಿಂದಲೇ ಉರುಳಿದ್ದನೋ ಆ ಪೀಠವನ್ನು ಆತನು ಏರಬೇಕಾಯಿತು. ನವೆಂಬರಿನಲ್ಲಿ ಗುರುವು ಧರಿಸಿದ್ದ ಪದಕವೇ ಆತನಿಗೂ ದೊರಕಿತು. ಅದಾದ ಐದು ದಿನಕ್ಕೆ, ೨೯ನೆಯ ತಾರೀಖು, ಬೆಲ್ಜಿಯಮ್ಮಿನ ರಣರಂಗದ ಮೇಲೆ ಆಂಗ್ಲರ ಒಂದು ಶೋಧನ ವಿಮಾನದ ಗುಂಡಿಗೆ ಬಲಿಯಾದನು. ಅನಂತರ ಹಂಗಾಮಿ ನಾಯಕನಾಗಿದ್ದ ಮುಲ್ಲರನು ೧೯೧೮ನೆಯ ಜನವರಿ ೯ರಂದು ಉರಿಯುವ ವಿಮಾನದಿಂದ ಹಾರಿ ಸತ್ತನು. ಆಗಿನ್ನೂ ಚಾಲಕರಿಗೆ ಪ್ಯಾರಾಚೂಟು ಕೊಡುವ ರೂಢಿಯಿರಲಿಲ್ಲ.

೧೯೧೮ನೆಯ ಫೆಬ್ರವರಿಯಲ್ಲಿ ದಳವನ್ನು ವಹಿಸಿಕೊಂಡ ಕಾರ್ಲ್ ಬೊಲ್ಲೆಯು ಯುದ್ಧಕ್ಕೆ ಮುಂಚೆ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಓದಿದವನು. ಯಾರೊಡನೆ ಕುಳಿತು ಓದಿದನೋ ಅವರ ದೇಶದವರ ಮೇಲೆಯೇ ಅವನ ಯುದ್ಧ. ನವೆಂಬರ್ ೪ರಂದು ಒಂದೇ ದಿನ ನಾಲ್ಕು ವಿಮಾನಗಳನ್ನು ಕೆಡವಿ ತನ್ನ ಲೆಕ್ಕವನ್ನು ಮೂವತ್ತಾರಕ್ಕೆ ಮುಗಿಸಿದನು. ಒಂದು ವಾರಕ್ಕೆ ಯುದ್ಧವಿರಾಮವಾಯಿತು, ದಳವು ಚೆದರಿತು. ಆ ದಳದವರು ಕೆಡವಿದ ವಿಮಾನಗಳ ಒಟ್ಟು ಸಂಖ್ಯೆ ೩೩೬ ಎಂದು ಲೆಕ್ಕ. ಇಷ್ಟು ಜಯಗಳಿದ್ದೂ ಜರ್ಮನಿಯು ಸೋತಿತು. ಎದುರು ಪಕ್ಷದ ಕಾರ್ಖಾನೆಗಳೂ ಜನಬಲವೂ ಧಾನ್ಯಬಲವೂ ಹೆಚ್ಚಾಗಿರುವಾಗ ಹತ್ತು ಹನ್ನೆರಡು ವೀರರ ದಳವು ಎಷ್ಟು ಗೆದ್ದರೂ ರಾಜ್ಯವು ಗೆಲ್ಲದು.

ಬೋಲ್ಕೆಯನ್ನು ಆಚಾರ್ಯನೆನ್ನಬಹುದೆ? ಕಲಿಸುವ ಕ್ರಮವನ್ನು ನೋಡಿದರೆ ಎನ್ನಲೇಬೇಕು. ತಾನು ಆಚರಿಸಿ ತೋರಿಸಿದನು, ಬಚ್ಚಿಡದೆ ಹೇಳಿದನು, ಯೋಗ್ಯರನ್ನು ಆರಿಸಿದನು, ತನ್ನ ಕೀರ್ತಿಗಿಂತ ದಳದ ಕ್ಷೇಮವನ್ನು ಮುಂದಿಟ್ಟನು. ಕಲಿಸಿದ ವಸ್ತುವನ್ನು ನೋಡಿದರೆ ಮನಸ್ಸು ಅಳುಕುತ್ತದೆ. ವಿದ್ಯೆಯು ಗುರುವಿನ ಕೈಬಿಟ್ಟ ಮೇಲೆ ಎಲ್ಲಿಗೆ ಹೋಗುವುದೆಂಬುದು ಗುರುವಿನ ವಶದಲ್ಲಿಲ್ಲ. ಹೆಸರು ಸಹ ಅಷ್ಟೇ. ಎರಡನೆಯ ಮಹಾಯುದ್ಧದಲ್ಲಿ ಬೋಲ್ಕೆಯ ಹೆಸರನ್ನು ಹೊತ್ತ ಬಾಂಬು ವಿಮಾನಗಳ ದಳವು ೧೯೩೯ರಲ್ಲಿ ಪೋಲೆಂಡಿನ ಮೇಲೆ ಎರಗಿತು. ಮುಳುಗುವ ಹುಡುಗನಿಗಾಗಿ ಕಾಲುವೆಗೆ ಹಾರಿದವನ ಹೆಸರು ಅದು! ಇಂದಿಗೂ ಜರ್ಮನಿಯ ನೋರ್ವೆನಿಖ್ ಎಂಬಲ್ಲಿಯ ವಾಯುದಳಕ್ಕೆ ಆ ಹೆಸರೇ ಇದೆ. ಅವನ ಸೂತ್ರಗಳನ್ನು, ಒಗ್ಗಟ್ಟಾಗಿ ಹಾರಬೇಕು, ಸಮೀಪಿಸಿ ಹೊಡೆಯಬೇಕು, ಮರಳುವ ದಾರಿಯನ್ನು ಮರೆಯಬಾರದು ಎಂಬವುಗಳನ್ನು, ಬೇರೆ ದೇಶದವರೂ ಕಲಿತಿದ್ದಾರೆ.

ಇಷ್ಟೆಲ್ಲ ವೃತ್ತಾಂತದಲ್ಲಿ ಆ ಎಂಟು ಸೂತ್ರಗಳಿಗೆ ಸೇರದ ಒಂದು ಪಾಠವಿದೆ. ಅದನ್ನು ಹೇಳಿಕೊಟ್ಟವನು ಬೋಲ್ಕೆಯಲ್ಲ, ಅವನ ತಂದೆತಾಯಿಗಳು. ದೆಸ್ಸೌ ಪಟ್ಟಣದ ಆ ಮನೆಯಲ್ಲಿ ಅವರು ತಮ್ಮ ದುಃಖವನ್ನು ಧೈರ್ಯದಿಂದ ಸಹಿಸಿಕೊಂಡು, ಮಗನ ಮರಣಕ್ಕೆ ನಿಮಿತ್ತನಾಗಿ ಬಂದು ನಿಂತವನನ್ನು ದೂರಲಿಲ್ಲ. ಆ ಸಜ್ಜನರ ಸ್ಥೈರ್ಯದಿಂದ ತನ್ನ ಸಂಕಟವು ಕೊಂಚ ಹಗುರವಾಯಿತೆಂದು ಬೋಮೆಯು ತನ್ನ ಪ್ರೇಯಸಿಗೆ ಬರೆದ ಪತ್ರದಲ್ಲಿ ಹೇಳಿಕೊಂಡಿದ್ದಾನೆ. ಆಮೇಲೆ ಒಂದು ವರ್ಷಕಾಲ ಆತನು ಬದುಕಿ ಕರ್ತವ್ಯವನ್ನು ಮಾಡಲು ಶಕ್ತನಾದುದಕ್ಕೆ ಆ ಮನೆಯ ಸಾಂತ್ವನವೂ ಒಂದು ಕಾರಣವಾಗಿರಬೇಕೆಂದು ನಾನು ಎಣಿಸುತ್ತೇನೆ. ಮಗನು ಕಲಿಸಿದ ವಿದ್ಯೆಯನ್ನು ಸೈನ್ಯಗಳು ಜೋಪಾನ ಮಾಡಿವೆ. ಆ ಹಳೆಯ ಉಪಾಧ್ಯಾಯನೂ ಅವನ ಮಡದಿಯೂ ಅಂದು ನಡೆದುಕೊಂಡ ಬಗೆಯನ್ನು ಜೋಪಾನ ಮಾಡುವುದು ನಮ್ಮ ನಿಮ್ಮಂಥ ಮನೆಗಳವರಿಗೆ ಸೇರಿದ್ದು.